ವಕೀಲಿಯ ಎರಡು ದಾರಿ

ಹುಮನಾಬಾದಿನ ಹಳೆಯ ಶಿಷ್ಯನೊಬ್ಬ ಮೊನ್ನೆ ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದ. "ಗುರುಗಳೇ, ಮಗಳ ಪಿಯುಸಿ ಮುಗಿಯಿತು. ವಕೀಲಿಗೆಂದು ಈಗಲೇ ಐದು ವರ್ಷದ ಕೋರ್ಸಿಗೆ ಸೇರಿಸಲೋ, ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಕಳಿಸಲೋ?" ಎಂದು ಕೇಳಿದ.

ಮೊದಲನೆಯದರಲ್ಲಿ ಒಂದು ವರ್ಷ ಉಳಿಯುತ್ತದೆ, ನಿಜ. ಆದರೆ ನಡುವೆ ಬಿಟ್ಟರೆ ಬಿ.ಎ. ಪದವಿಯೂ ದಕ್ಕದು. ಹಿಂದೆ ನನ್ನ ಮಾತು ನಂಬಿ ಆ ದಾರಿ ಹಿಡಿದ ಹುಡುಗನೊಬ್ಬ ಮೂರನೆಯ ವರ್ಷದಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದ. ಆ ನೋವು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ದಾರಿ ಯಾವುದಾದರೂ ಸನ್ನದು ಒಂದೇ. 2011ರಲ್ಲಿ ಆರಂಭವಾದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಒಂದೇ. ಐದು ವರ್ಷದ ಕೋರ್ಸಿಗೆ ಹೆಸರಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷದ ಕೋರ್ಸನ್ನು ತೆರೆಯಿತು. ತಡವಾಗಿ ಹೊರಟವರು ಹಿಂದುಳಿದವರಲ್ಲ.

ಹದಿನೇಳರ ವಯಸ್ಸಿನಲ್ಲಿ ಮನಸ್ಸು ಗಟ್ಟಿಯಾಗಿದ್ದರೆ ಐದು ವರ್ಷದ್ದೇ ಸರಿ. ಸಂದೇಹವಿದ್ದರೆ ಮೊದಲು ಪದವಿಯಾಗಲಿ. ಒಂದು ವರ್ಷ ಹೆಚ್ಚಾದರೂ ಕೈಯಲ್ಲೊಂದು ಆಸರೆ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

"ಮಗಳನ್ನು ಕೇಳಿದೆಯೇನಪ್ಪಾ?" ಎಂದೆ. ಅವನು ತಲೆ ತಗ್ಗಿಸಿದ. ಮುಂದಿನ ಭಾನುವಾರ ಅವಳನ್ನೇ ಕರೆತರಲು ಹೇಳಿ ಕಳಿಸಿದ್ದೇನೆ.