ಅಕ್ಕನಿಗೆ ಕೈಮುಗಿಯುವ ನಾವು ಮಗಳಿಗೆ ಬಾಗಿಲು ತೆರೆಯುವೆವೇ?



ಭಟ್ಕಳ ತಾಲ್ಲೂಕಿನ ಹೆಬಳೆಯಲ್ಲಿ ಭಕ್ತರೊಬ್ಬರ ಮನೆಯಲ್ಲಿ ಅಕ್ಕಮಹಾದೇವಿಯ ಜೀವನವನ್ನು ಕುರಿತು ಮಾತನಾಡುವ ಅವಕಾಶ ನನಗೆ ಒದಗಿತ್ತು. ಮಾತು ಮುಗಿದು ಪ್ರಸಾದವೂ ಆದ ಮೇಲೆ ವಯಸ್ಸಾದ ತಾಯಿಯೊಬ್ಬರು ಹತ್ತಿರ ಬಂದು ಕುಳಿತರು. ಅಳಿಯ ಹೊಡೆಯುತ್ತಾನೆಂದು ಮಗಳು ಎರಡು ಬಾರಿ ತವರಿಗೆ ಬಂದಿದ್ದಳೆಂದೂ, ಎರಡು ಬಾರಿಯೂ ಹಿರಿಯರು ಬುದ್ಧಿ ಹೇಳಿ ಮರಳಿ ಕಳುಹಿಸಿದರೆಂದೂ ಹೇಳಿದರು. ನಾನು ರೂಢಿಯ ಮಾತನ್ನೇ ಆಡಿದೆ: ಸ್ವಲ್ಪ ತಾಳ್ಮೆಯಿರಲಿ, ಎಲ್ಲವೂ ಸರಿಹೋಗುತ್ತದೆ. ಆ ತಾಯಿ ಮೆಲ್ಲನೆ ಕೇಳಿದರು: “ತಮ್ಮಾ, ಅಕ್ಕ ಅರಮನೆ ಬಿಟ್ಟು ಹೊರಟದ್ದನ್ನು ಈಗಷ್ಟೇ ದೊಡ್ಡದು ಮಾಡಿ ಹೇಳಿದೆ. ನನ್ನ ಮಗಳು ಬಿಟ್ಟು ಬಂದರೆ ಮಾತ್ರ ತಪ್ಪೋ?”

ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕ ಕೌಶಿಕನನ್ನು ವರಿಸುವ ಮುನ್ನ ಮೂರು ಷರತ್ತುಗಳನ್ನು ಒಡ್ಡುತ್ತಾಳೆ. ಅವನು ಮೂರನ್ನೂ ಮೀರಿದಾಗ ಹೊರಟುಬಿಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಕಥೆ ಯಾವುದಾದರೂ ಆಗಲಿ, ತನ್ನ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಅವಳು ನಿಲ್ಲಲಿಲ್ಲ. ಅಕ್ಕ ಹೊರಟದ್ದು ಚೆನ್ನಮಲ್ಲಿಕಾರ್ಜುನನನ್ನು ಅರಸಿ, ನಮ್ಮ ಹೆಣ್ಣುಮಕ್ಕಳು ಹೊರಡುವುದು ಜೀವ ಉಳಿಸಿಕೊಳ್ಳಲು ಎಂದು ಕೆಲವರು ಹೇಳಬಹುದು. ನಿಜವೇ. ಆದರೆ ಜೀವವೇ ಉಳಿಯದಲ್ಲಿ ಸಾಧನೆ ಎಲ್ಲಿಯದು?

ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಕಠಿಣವಾಗಿಯೇ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಆದರೆ ಆ ಪ್ರಶ್ನೆಗಳ ಕೊನೆಯಲ್ಲಿ ಅವಳಿಗೆ ಶರಣರ ನಡುವೆ ಮನ್ನಣೆಯ ಸ್ಥಾನವಿತ್ತು. ಅವಳನ್ನು ಕೌಶಿಕನ ಬಳಿಗೆ ಯಾರೂ ಮರಳಿ ಕಳುಹಿಸಲಿಲ್ಲ. ನಾವಾದರೋ ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡು ಸ್ಥಾನ ಕೊಡುವುದನ್ನು ಮರೆತಿದ್ದೇವೆ. “ನೀನೇನು ಮಾಡಿದೆ? ಅವನಿಗೆ ಸಿಟ್ಟು ಬರುವಂತೆ ಏನು ಮಾತನಾಡಿದೆ?” ಎಂದು ಪೆಟ್ಟು ತಿಂದವಳನ್ನೇ ವಿಚಾರಿಸುತ್ತೇವೆ. ಹೊಡೆದವನನ್ನು ಕೇಳುವವರಿಲ್ಲ.

ಇದು ಎಲ್ಲೋ ಒಂದೆರಡು ಮನೆಗಳ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಸ್ತ್ರೀಯರಲ್ಲಿ ಪತಿಯಿಂದ ಹಿಂಸೆ ಅನುಭವಿಸಿದವರು 2015–16ರಲ್ಲಿ ಶೇ. 20.6 ಇದ್ದರೆ, 2019–20ರಲ್ಲಿ ಶೇ. 44.4. ನಮ್ಮ ಪ್ರವಚನಗಳಲ್ಲಿ ಮುಂದೆ ಕುಳಿತ ತಾಯಂದಿರನ್ನು ನೋಡುವಾಗ ಈ ಅಂಕಿ ನನ್ನ ಕಣ್ಣಮುಂದೆ ಬರುತ್ತದೆ.

ಹಿಂಸೆಯೆಂದರೆ ಹೊಡೆತವೊಂದೇ ಅಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ದೈಹಿಕ, ಲೈಂಗಿಕ, ಮಾತಿನ ಹಾಗೂ ಮಾನಸಿಕ, ಆರ್ಥಿಕ ಹಿಂಸೆಗಳೆಲ್ಲವನ್ನೂ ಹಿಂಸೆಯೆಂದೇ ಗಣಿಸುತ್ತದೆ. ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದು, ಅವಳ ದುಡಿಮೆಯನ್ನು ಕಿತ್ತುಕೊಳ್ಳುವುದು, ದೂರದೇಶದಲ್ಲಿದ್ದುಕೊಂಡು ದೂರವಾಣಿಯಲ್ಲೇ ಬೆದರಿಸುವುದು, ಹೆಣ್ಣು ಹೆತ್ತಳೆಂದು ಹಂಗಿಸುವುದು, ಇವೆಲ್ಲವೂ ಹಿಂಸೆಯೇ.

ಈ ಕಾಯಿದೆಯ ಒಂದು ಅಂಶವನ್ನು ಭಕ್ತರು ವಿಶೇಷವಾಗಿ ತಿಳಿಯಬೇಕು. ಮನೆ ಯಾರ ಹೆಸರಿನಲ್ಲಿಯೇ ಇರಲಿ, ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮ್ಯಾಜಿಸ್ಟ್ರೇಟರು ರಕ್ಷಣೆಯ, ವಾಸದ, ಜೀವನಾಂಶದ ಆದೇಶ ನೀಡಬಲ್ಲರು. ರಕ್ಷಣೆಯ ಆದೇಶವನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದು. “ಪಕ್ಕದ ಮನೆಯ ವಿಚಾರ ನಮಗೇಕೆ?” ಎನ್ನುವವರಿಗೆ ಇಲ್ಲಿ ನೆಪ ಉಳಿದಿಲ್ಲ.

ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕಿನ ಸಂರಕ್ಷಣಾಧಿಕಾರಿಗಳು. ಆದ್ದರಿಂದ ಹೆಬಳೆಯ ಹೆಣ್ಣುಮಗಳು ನೂರು ಕಿಲೋಮೀಟರಿಗೂ ದೂರದ ಕಾರವಾರಕ್ಕೆ ಹೋಗಬೇಕಾಗಿಲ್ಲ, ಭಟ್ಕಳದಲ್ಲೇ ದೂರು ಕೊಡಬಹುದು. ದಾರಿ ತಿಳಿಯದಿದ್ದರೆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಸಾಕು. ಜೀವಕ್ಕೆ ಅಪಾಯವೆನಿಸಿದ ಗಳಿಗೆಯಲ್ಲಿ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100, ಇವು ನೆನಪಿನಲ್ಲಿರಬೇಕಾದ ಸಂಖ್ಯೆಗಳು. ಆದಾಯ ಎಷ್ಟೇ ಇರಲಿ, ಸ್ತ್ರೀಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ತಾತ್ಕಾಲಿಕ ಆಶ್ರಯ ಒಂದೇ ಕಡೆ ಸಿಗಲೆಂದು ಜಿಲ್ಲೆಗಳಲ್ಲಿ ‘ಸಖಿ’ ಕೇಂದ್ರಗಳಿವೆ. ಪತಿ ಅಥವಾ ಅವನ ಬಂಧುಗಳ ಕ್ರೌರ್ಯಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ ಅನ್ವಯಿಸುತ್ತದೆ. ಹಿಂದೆ ಅದೇ 498ಎ ಆಗಿತ್ತು.

ಆದರೆ ಕಾಯಿದೆಯ ಬಾಗಿಲಿಗೆ ಹೋಗುವ ಮುನ್ನ ಅವಳು ತಟ್ಟುವುದು ತವರಿನ ಬಾಗಿಲನ್ನು, ಅದು ಮುಚ್ಚಿದರೆ ಮಠದ ಬಾಗಿಲನ್ನು. ಅಲ್ಲಿ ನಾವು ಮಾಡಬೇಕಾದುದು ಸರಳ. ಅವಳ ಮಾತನ್ನು ನಂಬಿ ಕೇಳಬೇಕು. ಗಾಯವಿದ್ದರೆ ಮೊದಲು ಆಸ್ಪತ್ರೆಗೆ ಕರೆದೊಯ್ದು, ವೈದ್ಯರಿಂದ ಅದು ದಾಖಲಾಗುವಂತೆ ನೋಡಿಕೊಳ್ಳಬೇಕು. ಅವಳ ಇಚ್ಛೆಯನ್ನು ಕೇಳದೆ ರಾಜಿ ಪಂಚಾಯಿತಿ ಕೂಡಿಸಬಾರದು. ಹೊಡೆದವನ ಎದುರಿನಲ್ಲೇ ಅವಳನ್ನು ಕೂರಿಸಿ “ಹೇಳು” ಎಂದರೆ ಅವಳು ಏನು ಹೇಳಿಯಾಳು? ಹಿರಿಯರ ಮುಂದೆ ಅವನು ಕೈಮುಗಿದು ಕ್ಷಮೆ ಕೇಳಬಹುದು. ಮನೆಯ ಬಾಗಿಲು ಹಾಕಿದ ಮೇಲೆ ಅವಳೊಡನೆ ಇರುವವರಾರು?

ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಡೆದು ಹೇಳಿದಳು, ಅವನು ಅದನ್ನು ಮರಳಿ ಸುರಿದು ಬಂದ. ಹೆಂಡತಿ ತಪ್ಪನ್ನು ತಪ್ಪೆಂದಳು, ಗಂಡ ಕೈಯೆತ್ತಲಿಲ್ಲ. ಶರಣರ ಸಂಸಾರವೆಂದರೆ ಇದು. ಹೀಗಿರುವಾಗ ಕೈಯೆತ್ತುವವನ ಹಣೆಯ ವಿಭೂತಿಯನ್ನು ಕಂಡು ನಾವು ಸುಮ್ಮನಿರುವುದು ಯಾವ ನ್ಯಾಯ?

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ಬೆದರಿ ಬಂದ ಜೀವಕ್ಕೆ ಒಂದು ರಾತ್ರಿಯ ನೆರಳು ಕೊಡುವುದೂ, ಮರುದಿನ ಅವಳೊಡನೆ ಠಾಣೆಯ ಮೆಟ್ಟಿಲು ಹತ್ತುವುದೂ ದಾಸೋಹವೇ.

ಆ ತಾಯಿಗೆ ನಾನು ಅಂದು ಹೇಳಬೇಕಾಗಿದ್ದುದು ಇಷ್ಟೇ: ತಪ್ಪಲ್ಲ ತಾಯಿ. ಮಗಳು ಮೂರನೆಯ ಬಾರಿ ಬಂದರೆ ಮರಳಿ ಕಳುಹಿಸಬೇಡಿ. ನಾವಿದ್ದೇವೆ.