ಮಾಲೋಲೋಸಿನ ಹೆಣ್ಣುಮಕ್ಕಳು ಮತ್ತು ನಮ್ಮ ಹೆಮ್ಮೆ



2021ರಲ್ಲಿ ಫಿಲಿಪೀನ್ಸ್ ದೇಶದ ಕ್ರೈಸ್ತರು ತಮ್ಮ ನಾಡಿಗೆ ಶುಭಸಂದೇಶ ತಲುಪಿದ ಐನೂರನೆಯ ವರ್ಷವನ್ನು ಆಚರಿಸಿದರು. ಏಷ್ಯಾ ಖಂಡದ ಅತಿ ದೊಡ್ಡ ಕಥೋಲಿಕ ಜನತೆ ಅದು. ಅವರ ಸಂತಸದಲ್ಲಿ ನಾವೂ ಪಾಲುಗೊಂಡದ್ದು ಸರಿಯೇ. ಆದರೆ ಆ ನಾಡಿನ ಮಾತು ಬಂದಾಗಲೆಲ್ಲ ನಮ್ಮ ಪ್ರಬೋಧನೆಗಳಲ್ಲಿ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ಅಜ್ಞಾನದ ಕತ್ತಲೆಯಲ್ಲಿದ್ದ ಅಲ್ಲಿನ ಸ್ತ್ರೀಯರಿಗೆ ಅಕ್ಷರದ ಬೆಳಕು ನೀಡಿದವರು ನಮ್ಮ ಮಿಶನರಿಗಳು ಎಂದು. ಎಳೆಯ ಗುರುವಾಗಿದ್ದಾಗ ನಾನೂ ಇದನ್ನು ಪೀಠದಿಂದ ಹೇಳಿದ್ದೇನೆ. ಓದದೆ ಹೇಳಿದೆ. ಓದಿದ ಮೇಲೂ ಸುಮ್ಮನಿದ್ದರೆ ಅದು ಎರಡನೆಯ ತಪ್ಪಾಗುತ್ತದೆ.

ಈ ವಾಕ್ಯವನ್ನು ಮೊದಲು ಅಲ್ಲಗಳೆಯುವವರು ಧರ್ಮಸಭೆಯ ವೈರಿಗಳಲ್ಲ, ಯೇಸುಸಭೆಯ ಒಬ್ಬ ಗುರು. ಪೆದ್ರೊ ಚಿರಿನೊ ಎಂಬ ಆ ಮಿಶನರಿ 1604ರಲ್ಲಿ ಅಚ್ಚಾದ ತಮ್ಮ ವರದಿಯಲ್ಲಿ, ಆ ದ್ವೀಪಗಳಲ್ಲಿ ತಮ್ಮದೇ ಲಿಪಿಯಲ್ಲಿ ಓದಿ ಬರೆಯಲು ಬಾರದ ಗಂಡಸು ಸಿಗುವುದೇ ಕಷ್ಟ, ಹೆಂಗಸಂತೂ ಇನ್ನೂ ಕಷ್ಟ ಎಂಬ ಅರ್ಥದ ಮಾತು ಬರೆದಿದ್ದಾರೆ. ಇದರಲ್ಲಿ ತುಸು ಉತ್ಪ್ರೇಕ್ಷೆ ಇರಬಹುದು. ಆದರೂ ಬೈಬಾಯಿನ್ ಎಂಬ ಆ ಲಿಪಿ ಎಷ್ಟು ಜೀವಂತವಾಗಿತ್ತೆಂದರೆ, 1593ರಲ್ಲಿ ಮನಿಲಾದಲ್ಲಿ ಮುದ್ರಿಸಿದ ಧರ್ಮೋಪದೇಶದ ಪುಸ್ತಕದಲ್ಲಿ ಮಿಶನರಿಗಳೇ ಅದನ್ನು ಬಳಸಿದರು. ಅಕ್ಷರವಿಲ್ಲದವರಿಗೆ ಯಾರಾದರೂ ಅವರದೇ ಅಕ್ಷರದಲ್ಲಿ ಪುಸ್ತಕ ಅಚ್ಚುಹಾಕುತ್ತಾರೆಯೇ? ಬಬಾಯ್ಲನ್ ಎಂದು ಕರೆಯಲಾಗುತ್ತಿದ್ದ ಆಚಾರ್ಯರು ಬಹುಪಾಲು ಸ್ತ್ರೀಯರೇ ಆಗಿದ್ದರು. ಪೂಜೆ ನಡೆಸುವವರೂ ರೋಗಿಗಳಿಗೆ ಮದ್ದು ನೀಡುವವರೂ ಅವರೇ. ನಮ್ಮವರು ಅವರನ್ನು ಮಾಟಗಾತಿಯರೆಂದು ಕರೆದರು. ಅವರ ವಿಶ್ವಾಸವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಊರಿನಲ್ಲಿ ಆಕೆಗಿದ್ದ ಸ್ಥಾನ ಹೋಯಿತು, ಆ ಜಾಗದಲ್ಲಿ ಬೇರೊಂದು ಸ್ಥಾನವನ್ನು ಯಾರೂ ಕೊಡಲಿಲ್ಲ.

ಶಾಲೆಗಳು ಬಂದವಲ್ಲ ಎನ್ನುತ್ತೀರಿ. ಬಂದವು. ಹದಿನಾರನೆಯ ಶತಮಾನದ ಕೊನೆಗೆ ಸಾಂತ ಪೊತೆನ್ಸಿಯಾನ, 1632ರಲ್ಲಿ ಸಾಂತ ಇಸಬೆಲ್. ಆದರೆ ಇವು ಮುಖ್ಯವಾಗಿ ಸ್ಪೇನಿನವರ ಹೆಣ್ಣುಮಕ್ಕಳಿಗಾಗಿ ಇದ್ದವು. 1621ರಲ್ಲಿ ಮನಿಲಾದಲ್ಲಿ ಸ್ಥಾಪನೆಯಾದ ಸಾಂತ ಕ್ಲಾರಾ ಕನ್ಯಾಮಠದಲ್ಲಿ ನಾಡಿನ ಹೆಣ್ಣಿಗೆ ಪ್ರವೇಶವಿರಲಿಲ್ಲ. ಪಂಪಾಂಗ ಪ್ರಾಂತದ ಮಾರ್ತಾ ದೆ ಸಾನ್ ಬೆರ್ನಾರ್ದೊ ಕನ್ಯಾಸ್ತ್ರೀ ಆಗಬೇಕೆಂದು ಬಯಸಿದಾಗ ಆಕೆ ಕಡಲು ದಾಟಿ ಮಕಾವಿಗೆ ಹೋಗಬೇಕಾಯಿತು. ಪ್ರಭುವಿನ ಕರೆಗೆ ಚರ್ಮದ ಬಣ್ಣ ಕೇಳಿದವರು ನಾವು.

ಇಂಥ ಕಾಲದಲ್ಲಿಯೇ ಮಾತೆ ಇಗ್ನಾಸಿಯಾ ಕಾಣಿಸುತ್ತಾರೆ. ತಂದೆ ಚೀನಾದಿಂದ ಬಂದು ನೆಲೆಸಿದವರು, ತಾಯಿ ಆ ನಾಡಿನವರು. 1684ರಲ್ಲಿ ಇಪ್ಪತ್ತೊಂದರ ಹರೆಯದ ಈ ಹೆಣ್ಣು ತಂದೆತಾಯಿ ಬಯಸಿದ ಮದುವೆಯನ್ನು ಒಲ್ಲದೆ ಮನೆಯಿಂದ ಹೊರಟರು. ಕೈಯಲ್ಲಿದ್ದದ್ದು ಒಂದು ಸೂಜಿ ಮತ್ತು ಒಂದು ಕತ್ತರಿ ಎಂದು ಅವರ ಸಂಸ್ಥೆಯವರು ಇಂದಿಗೂ ಹೇಳುತ್ತಾರೆ. ಹೊಲಿದು ದುಡಿದು, ಸಾಲದಿದ್ದಾಗ ಬೇಡಿ ಉಂಡು, ತಮ್ಮಂತೆಯೇ ಬಾಗಿಲಾಚೆ ನಿಂತಿದ್ದ ಸ್ತ್ರೀಯರನ್ನು ಕೂಡಿಸಿಕೊಂಡರು. ನಾಡಿನ ಹುಡುಗಿಯರಿಗೆ ಓದು ಕಲಿಸಿದರು. 1748ರಲ್ಲಿ ತೀರಿಕೊಂಡ ಅವರ ವೀರೋಚಿತ ಸದ್ಗುಣಗಳನ್ನು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಮಾನ್ಯ ಮಾಡಿದರು. ಇಂದು ನಮ್ಮ ಹೆಮ್ಮೆಯ ಭಾಷಣಗಳಲ್ಲಿ ಅವರ ಹೆಸರೂ ಬರುತ್ತದೆ. ಬರಲಿ. ಯೇಸುಸಭೆಯ ಗುರುಗಳ ಬೆಂಬಲ ಅವರಿಗಿತ್ತು, ಅದನ್ನು ಮರೆಮಾಚಲಾರೆ. ಆದರೆ ಮನಿಲಾದ ಕನ್ಯಾಮಠ ತೆರೆದಿದ್ದರೆ ಆ ಸೂಜಿ ಕತ್ತರಿ ಹಿಡಿದು ಬೇರೊಂದು ದಾರಿ ಹುಡುಕುವ ಅಗತ್ಯ ಅವರಿಗೆ ಎಲ್ಲಿತ್ತು?

1863ರಲ್ಲಿ ಸ್ಪೇನಿನ ಸರ್ಕಾರ ಊರೂರಿಗೂ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಶಾಲೆ ಇರಬೇಕೆಂದು ಆಜ್ಞೆ ಹೊರಡಿಸಿತು. ಪಾಠಪಟ್ಟಿಯನ್ನು ನೋಡಿ. ಗಂಡುಮಕ್ಕಳಿಗಿದ್ದ ಭೂಗೋಳ, ಚರಿತ್ರೆ, ಬೇಸಾಯ ಇವು ಹೆಣ್ಣುಮಕ್ಕಳ ಪಟ್ಟಿಯಲ್ಲಿಲ್ಲ. ಅವುಗಳ ಬದಲು ಹೊಲಿಗೆ. ಶಾಲೆಗಳ ಮೇಲ್ವಿಚಾರಣೆ ಊರಿನ ಧರ್ಮಗುರುವಿನದು.

ಈಗ ಮಾಲೋಲೋಸಿಗೆ ಬನ್ನಿ. ಮನಿಲಾದ ಉತ್ತರಕ್ಕಿರುವ ಈ ಊರಿಗೆ 1888ರ ಡಿಸೆಂಬರ್ 12ರಂದು ಗವರ್ನರ್ ಜನರಲ್ ವಲೇರಿಯಾನೊ ವೇಲೆರ್ ಬಂದಾಗ ಇಪ್ಪತ್ತು ಮಂದಿ ಹೆಣ್ಣುಮಕ್ಕಳು ಸಹಿ ಹಾಕಿದ ಮನವಿಯೊಂದು ಅವರ ಕೈಸೇರಿತು. ಹೆಚ್ಚಿನವರು ಅನುಕೂಲಸ್ಥ ಮನೆತನಗಳವರು. ಅವರು ಕೇಳಿದ್ದು ಇಷ್ಟೇ: ಸ್ಪ್ಯಾನಿಷ್ ಭಾಷೆ ಕಲಿಯಲು ಒಂದು ರಾತ್ರಿ ಶಾಲೆ. ಹಗಲೆಲ್ಲ ಮನೆಗೆಲಸ, ಆದ್ದರಿಂದ ರಾತ್ರಿ. ಇದನ್ನು ವಿರೋಧಿಸಿದವರು ಯಾರು? ಆ ಧರ್ಮಕೇಂದ್ರದ ಗುರು ಫೆಲಿಪೆ ಗಾರ್ಸಿಯಾ. ಅವರು ಕ್ರೂರಿ ಎಂದು ನಾನು ಹೇಳುತ್ತಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ, ಅದೇ ನನ್ನನ್ನು ಕಾಡುವುದು. ಸ್ಪ್ಯಾನಿಷ್ ಎಂದರೆ ಕಾನೂನಿನ ಭಾಷೆ, ಕಚೇರಿಯ ಭಾಷೆ, ದೂರು ಕೊಡುವ ಭಾಷೆ. ಅದು ಬಾರದಿರುವವರೆಗೆ ಜನರಿಗೂ ಸರ್ಕಾರಕ್ಕೂ ನಡುವೆ ಗುರು ಬೇಕೇಬೇಕು. ಭಾಷೆ ಬಂದ ಮರುದಿನ ಆತ ಬರೀ ಗುರು. ಜನಕ್ಕೆ ಸ್ಪ್ಯಾನಿಷ್ ಕಲಿಸಿರೆಂದು ರಾಜಾಜ್ಞೆಗಳು ಮತ್ತೆ ಮತ್ತೆ ಬಂದಿದ್ದರೂ ಅವು ಕಾಗದದ ಮೇಲೆಯೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಹೆಣ್ಣುಮಕ್ಕಳು ಬಿಡಲಿಲ್ಲ. 1889ರ ಆರಂಭದಲ್ಲಿ ಅನುಮತಿ ಸಿಕ್ಕಿತು, ಷರತ್ತುಗಳೊಡನೆ. ಖರ್ಚು ಅವರದೇ. ಅವರು ಬಯಸಿದ ಶಿಕ್ಷಕ ತೆಯೊದೋರೊ ಸಾಂದಿಕೊ ಬೇಡ, ಕಲಿಸುವವಳು ಹೆಂಗಸಾಗಿರಬೇಕು. ತರಗತಿ ಹಗಲಿನಲ್ಲಿಯೇ ನಡೆಯಬೇಕು. ಹಗಲು ಬಿಡುವಿಲ್ಲ ಎಂದವರಿಗೆ ಹಗಲನ್ನೇ ಕೊಟ್ಟರು! ಅವರು ಒಪ್ಪಿಕೊಂಡರು, ಗ್ವಾದಲೂಪೆ ರೇಯೆಸ್ ಎಂಬಾಕೆಯಿಂದ ಕಲಿತರು. ಶಾಲೆ ಕೆಲವೇ ತಿಂಗಳು ನಡೆದು ಮುಚ್ಚಿತು.

ಲಂಡನ್ನಿನಲ್ಲಿದ್ದ ಹೋಸೆ ರಿಸಾಲ್ 1889ರ ಫೆಬ್ರವರಿಯಲ್ಲಿ ಇವರಿಗೆ ತಗಾಲೊಗ್ ಭಾಷೆಯಲ್ಲಿ ಒಂದು ದೀರ್ಘ ಪತ್ರ ಬರೆದರು. ಮಂಡಿಯೂರುವುದನ್ನೂ ಕೈಗೆ ಮುತ್ತಿಡುವುದನ್ನೂ ಮಾತ್ರ ಬಲ್ಲ ತಾಯಿಯ ಮಕ್ಕಳಿಂದ ಗುಲಾಮತನವಲ್ಲದೆ ಬೇರೇನನ್ನು ನಿರೀಕ್ಷಿಸಬಹುದು ಎಂಬುದು ಅದರ ಒಂದು ವಾದ. ಗುರುವಾದ ನನಗೆ ಅದು ಚುಚ್ಚುತ್ತದೆ. ಚುಚ್ಚಲಿ. ಆತನಿಗೆ ಮೊದಲ ಅಕ್ಷರಗಳನ್ನೂ ಪ್ರಾರ್ಥನೆಗಳನ್ನೂ ಕಲಿಸಿದ ತಾಯಿ ತೆಯೊದೋರಾ ಅಲೊನ್ಸೊ ಓದಿದ್ದು ಮನಿಲಾದ ಸಾಂತ ರೋಸಾ ಎಂಬ ಕಥೋಲಿಕ ವಿದ್ಯಾಲಯದಲ್ಲಿ. ಆದ್ದರಿಂದ ವಿದ್ಯೆ ವಿಶ್ವಾಸಕ್ಕೆ ಶತ್ರು ಎಂಬ ಮಾತು ನಿಲ್ಲುವುದಿಲ್ಲ. ಮಾಲೋಲೋಸಿನ ಹೆಣ್ಣುಮಕ್ಕಳು ದೇವಾಲಯವನ್ನು ತೊರೆಯಲು ಅನುಮತಿ ಕೇಳಲಿಲ್ಲ, ವ್ಯಾಕರಣ ಕಲಿಯಲು ಕೇಳಿದರು.

ಅಮೆರಿಕದವರು ಬಂದ ಮೇಲೆಯೇ ಬೆಳಕಾಯಿತು ಎನ್ನುವವರೂ ಇದ್ದಾರೆ. ಅದು ಇನ್ನೊಂದು ಬಗೆಯ ಪೀಠದ ಮಾತು. 1901ರಲ್ಲಿ 'ಥಾಮಸ್' ಹಡಗಿನಲ್ಲಿ ನೂರಾರು ಶಿಕ್ಷಕರು ಬಂದು ಇಳಿದದ್ದು ನಿಜ, ಹುಡುಗಿಯರಿಗೆ ಶಾಲೆಯ ಬಾಗಿಲು ಅಗಲವಾಗಿ ತೆರೆದದ್ದೂ ನಿಜ. ಆದರೆ ಆಜ್ಞೆಯ ಭಾಷೆ ಈಗ ಇಂಗ್ಲಿಷ್, ಹುಡುಗಿಯರ ಕೈಯಲ್ಲಿ ಮತ್ತೆ ಸೂಜಿ; ಈ ಸಲ ಕಸೂತಿ ಮಾರುಕಟ್ಟೆಗೆ. 1907ರಲ್ಲಿ ಮನಿಲಾದಲ್ಲಿ ಹೆಣ್ಣುಮಕ್ಕಳಿಗಾಗಿ ಸೆಂಟ್ರೊ ಎಸ್ಕೊಲಾರ್ ಸ್ಥಾಪಿಸಿದವರು ಆ ನಾಡಿನ ಸ್ತ್ರೀಯರೇ, ಲಿಬ್ರಾದಾ ಅವೆಲಿನೊ ಮತ್ತು ಕಾರ್ಮೆನ್ ದೆ ಲೂನ.

ಮತದ ಹಕ್ಕು ಬೇಕೆಂದಾಗ, ಮೂರು ಲಕ್ಷ ಹೆಂಗಸರು ತಾವೇ ಬಂದು ಹೌದೆಂದು ಮತ ಹಾಕಿದರೆ ಮಾತ್ರ ಕೊಡುತ್ತೇವೆ ಎಂದರು ಗಂಡಸರು. ತಮಗೆ ಅಂಥ ಪರೀಕ್ಷೆ ಇಟ್ಟುಕೊಂಡಿರಲಿಲ್ಲ. 1937ರ ಏಪ್ರಿಲ್ 30ರಂದು ಬಂದು ಹೌದೆಂದವರು 4,47,725 ಮಂದಿ, ಬೇಡವೆಂದವರು 44,307.