ವೈರಿಂಗ್ ಸುಲಭ ಆಗಬೇಕಾದರೆ ಮೊದಲು ಡ್ರಾಯಿಂಗ್ ಸರಿಯಾಗಬೇಕು

ನಮ್ಮ ಸಂಘದಲ್ಲಿ ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಬಂದವರು ಬಹಳ ಜನ ಇದ್ದೀವಿ. ನಾಳೆ ನಮ್ಮಲ್ಲಿ ಕೆಲವರಾದರೂ ಯಾವುದೋ ಡಿಸೈನ್ ಆಫೀಸಿನಲ್ಲಿ ಕೂತು ದೊಡ್ಡ ಕಟ್ಟಡಗಳಿಗೆ ಎಲೆಕ್ಟ್ರಿಕಲ್ ಡ್ರಾಯಿಂಗ್ ಮಾಡ್ತೀವಿ. ಅಂಥವರಿಗೆ ಒಂದು ಮಾತು ಹೇಳಬೇಕು ಅಂತ ಇದನ್ನು ಬರೀತಿದ್ದೀನಿ. ಸಿವಿಲ್, ಮೆಕ್ಯಾನಿಕಲ್‌ನವರೂ ಓದಿ. ಸೀಲಿಂಗ್ ಮೇಲಿನ ಜಾಗಕ್ಕೆ ಕಿತ್ತಾಡೋದು ನಾವೆಲ್ಲರೂ ತಾನೇ.

ನಾನಿರೋದು ಅಪ್ಪರ್ ಹಟ್‌ನಲ್ಲಿ, ಕ್ಲಾಸಿಗೆ ರೈಲು ಹಿಡಿದು ವೆಲ್ಲಿಂಗ್ಟನ್‌ಗೆ ಹೋಗಿಬರ್ತೀನಿ. ಕಳೆದ ಬೇಸಿಗೆ ರಜೆಯಲ್ಲಿ ಇಲ್ಲೇ ಒಂದು ದೊಡ್ಡ ವಾಣಿಜ್ಯ ಕಟ್ಟಡದ ಸೈಟಿನಲ್ಲಿ ಕೆಲವು ವಾರ ಹೆಲ್ಪರ್ ಆಗಿದ್ದೆ. ಸಾಮಾನು ಹೊರೋದು, ಕೇಬಲ್ ಡ್ರಮ್ ಉರುಳಿಸೋದು, ಕಸ ಗುಡಿಸೋದು ನನ್ನ ಪಾಲು. ಕನೆಕ್ಷನ್ ಕೊಡೋದು, ಟೆಸ್ಟ್ ಮಾಡೋದು ಲೈಸೆನ್ಸ್ ಇರೋರ ಕೆಲಸ. ಅಲ್ಲಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ವೈರಿಂಗ್ ಕಷ್ಟವೋ ಸುಲಭವೋ ಅನ್ನೋದು ಡ್ರಮ್ ಸೈಟಿಗೆ ಬರೋ ಮೊದಲೇ, ಆಫೀಸಿನಲ್ಲೇ ತೀರ್ಮಾನ ಆಗಿಹೋಗಿರುತ್ತೆ.

ಒಂದು ಲೆಕ್ಕ ನೋಡಿ. 95 ಚದರ ಮಿಲಿಮೀಟರ್‌ನ ನಾಲ್ಕು ಕೋರ್ ತಾಮ್ರದ ಕೇಬಲ್‌ನಲ್ಲಿ ಬರೀ ತಾಮ್ರವೇ ಮೀಟರ್‌ಗೆ ಸುಮಾರು 3.4 ಕೆಜಿ ತೂಗುತ್ತೆ. 60 ಮೀಟರ್ ಎಳೆದರೆ 200 ಕೆಜಿ ದಾಟಿತು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಬೇರೆ. ನಾವು ಡ್ರಾಯಿಂಗಿನಲ್ಲಿ ಇದನ್ನು ಒಂದು ಗೆರೆಯಲ್ಲಿ ತೋರಿಸಿ ಪಕ್ಕದಲ್ಲಿ ಸೈಜ್ ಬರೆದು ಮುಂದೆ ಹೋಗ್ತೀವಿ. ಆ ಗೆರೆಗೆ ತೂಕ ಇರಲ್ಲ, ಎಳೆಯೋರ ಭುಜಕ್ಕೆ ಇರುತ್ತೆ.

ತೂಕಕ್ಕಿಂತ ಕೆಟ್ಟದ್ದು ಪೈಪಿನ ತಿರುವು. ಊರಲ್ಲಿ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ, ಜಗ್ಗುವ ಹೋರಿಯನ್ನು ಒಬ್ಬ ಹುಡುಗ ತಡೆದು ನಿಲ್ಲಿಸೋದನ್ನು ನೋಡಿರ್ತೀರಿ. ಪ್ರತಿ ಸುತ್ತಿಗೂ ಎಳೆತ ಕೂಡೋದಿಲ್ಲ, ಗುಣಿಸಿಕೊಂಡು ಹೋಗುತ್ತೆ. ಪೈಪಿನೊಳಗಿನ ಕೇಬಲ್‌ಗೂ ಅದೇ ನಿಯಮ. ಘರ್ಷಣೆಯ ಗುಣಾಂಕ 0.5 ಇದ್ದರೆ ಒಂದು 90 ಡಿಗ್ರಿ ತಿರುವು ದಾಟೋಕೆ ಸುಮಾರು 2.2 ಪಟ್ಟು ಎಳೆತ ಬೇಕು. ಅಂಥ ನಾಲ್ಕು ತಿರುವು ಇದ್ದರೆ 23 ಪಟ್ಟು! ಎರಡೇ ತಿರುವು ಇಟ್ಟರೆ 5 ಪಟ್ಟಿಗೂ ಕಡಿಮೆ. ಕೇಬಲ್‌ಗೆಂದೇ ಸಿಗುವ ಜಾರು ಜೆಲ್ ಹಚ್ಚಿ ಘರ್ಷಣೆ ಅರ್ಧಕ್ಕಿಳಿಸಿದರೂ ನಾಲ್ಕು ತಿರುವಿಗೆ ಅಷ್ಟೇ ಆಗುತ್ತೆ. ಎರಡನ್ನೂ ಮಾಡಿದರೆ ಕೆಲಸ ಇನ್ನೂ ಹಗುರ.

ಇದೇ ಲೆಕ್ಕ ಇನ್ನೊಂದು ವಿಷಯ ಹೇಳುತ್ತೆ. ತಿರುವುಗಳು ಡ್ರಮ್ ಇರೋ ತುದಿಗೆ ಹತ್ತಿರ ಇರಬೇಕು. ಅಲ್ಲಿ ಎಳೆತ ಇನ್ನೂ ಕಡಿಮೆ ಇರೋದರಿಂದ ಗುಣಿಸಿದರೂ ಜಾಸ್ತಿ ಆಗಲ್ಲ. ಅಂದರೆ ಡ್ರಮ್ ಯಾವ ಕಡೆ ನಿಲ್ಲಿಸಬೇಕು ಅನ್ನೋದೂ ಡಿಸೈನಿನ ಪ್ರಶ್ನೆಯೇ. ಅದನ್ನು ಬರೆದಿರುವ ಡ್ರಾಯಿಂಗ್ ನಾನಂತೂ ಆ ಸೈಟಿನಲ್ಲಿ ನೋಡಲಿಲ್ಲ.

ಅಪ್ಪರ್ ಹಟ್‌ನಂಥ ಊರಲ್ಲಿ ಇನ್ನೊಂದು ತೊಡಕಿದೆ. ವೆಲ್ಲಿಂಗ್ಟನ್ ಫಾಲ್ಟ್ ಈ ಕಣಿವೆಯಲ್ಲೇ ಹಾದುಹೋಗುತ್ತೆ. ಹಾರ್ಕೋರ್ಟ್ ಪಾರ್ಕಿಗೆ ಹೋದರೆ ನೆಲ ಸರಿದ ಗುರುತು ಕಣ್ಣಿಗೇ ಕಾಣುತ್ತೆ. 2016ರ ನವೆಂಬರ್ 14ರ ಕೈಕೌರಾ ಭೂಕಂಪದಲ್ಲಿ (ತೀವ್ರತೆ 7.8) ವೆಲ್ಲಿಂಗ್ಟನ್ನಿನ ಕಟ್ಟಡಗಳಿಗೆ ಎಷ್ಟು ಪೆಟ್ಟು ಬಿತ್ತು ಅಂತ ಇಲ್ಲಿನವರು ಇನ್ನೂ ಹೇಳ್ತಾರೆ. ಹಾಗಾಗಿ ಇಲ್ಲಿ ಕೇಬಲ್ ಟ್ರೇಯನ್ನು ಬರೀ ರಾಡಿನಿಂದ ನೇತುಹಾಕಿದರೆ ಸಾಲದು, ಅಡ್ಡಡ್ಡ ಅಲ್ಲಾಡದಂತೆ ಓರೆ ಆಧಾರವೂ ಬೇಕಾಗುತ್ತೆ. ಅದಕ್ಕೆಂದೇ ಎನ್‌ಜೆಡ್‌ಎಸ್ 4219 ಅನ್ನೋ ಸ್ಟ್ಯಾಂಡರ್ಡ್ ಇದೆ. ಆ ಆಧಾರ, ಎಸಿ ಡಕ್ಟ್, ಸ್ಪ್ರಿಂಕ್ಲರ್ ಪೈಪ್, ನಮ್ಮ ಟ್ರೇ, ಎಲ್ಲಕ್ಕೂ ಇರೋದು ಸೀಲಿಂಗ್ ಮೇಲಿನ ಅಷ್ಟೇ ಜಾಗ. ಮೊದಲೇ ಮೂರು ಆಯಾಮದ ಮಾಡೆಲ್‌ನಲ್ಲಿ ಕೂಡಿಸಿ ನೋಡದಿದ್ದರೆ, ಕೊನೆಗೆ ಬಂದವನು ಏಣಿ ಮೇಲೆ ನಿಂತು, ಕೈ ಹೋಗದ ಸಂದಿಯಲ್ಲಿ, ಇನ್ನೂ ಎರಡು ತಿರುವು ಸೇರಿಸಿ ಕೇಬಲ್ ತೂರಿಸಬೇಕಾಗುತ್ತೆ.

ನಮ್ಮೂರಿನ ಕಥೆ ಬೇರೆ ರೀತಿ, ಕಾರಣ ಮಾತ್ರ ಒಂದೇ. ಬೆಂಗಳೂರಿನಲ್ಲಿ ಸ್ಲ್ಯಾಬ್ ಹಾಕೋ ಮೊದಲು ಪಿವಿಸಿ ಪೈಪ್ ಇಡ್ತಾರೆ. ಕಾಂಕ್ರೀಟ್ ಸುರಿಯುವಾಗ ಯಾರೋ ತುಳಿದು ಪೈಪ್ ಚಪ್ಪಟೆ ಆಗುತ್ತೆ, ಇಲ್ಲವೇ ಜಾಯಿಂಟಿನಿಂದ ಸಿಮೆಂಟ್ ನೀರು ಒಳಗೆ ಇಳಿಯುತ್ತೆ. ಆಮೇಲೆ ಸ್ಪ್ರಿಂಗ್ ಬಿಟ್ಟರೆ ಹೋಗಲ್ಲ. ಮತ್ತೆ ಗೋಡೆ ಕೊರೆಯೋದು, ಪ್ಲಾಸ್ಟರ್ ಮಾಡೋದು. ಕಾಂಕ್ರೀಟಿಗೆ ಮೊದಲು ಅರ್ಧ ದಿನ ಪರೀಕ್ಷೆಗೆ ಕೊಟ್ಟಿದ್ದರೆ ವಾರದ ಕೆಲಸ ಉಳೀತಿತ್ತು.

ಹಾಗಾದರೆ ಏನು ಮಾಡಬೇಕು? ಉದ್ದನೆಯ ಮುಖ್ಯ ದಾರಿಗಳಿಗೆ ಪೈಪಿನ ಬದಲು ತೆರೆದ ಟ್ರೇ ಕೊಡಿ, ಎಳೆಯೋಕೆ ರೋಲರ್ ಇಡಿಸಿ. ಪೈಪ್ ಬೇಕೇ ಬೇಕಾದ ಕಡೆ ಎರಡು ತಿರುವಿಗೊಂದು ಪುಲ್ ಬಾಕ್ಸ್ ತೋರಿಸಿ. ದಪ್ಪ ಫೀಡರ್‌ಗಳಿಗೆ ಅಲ್ಯೂಮಿನಿಯಂ ಸಾಧ್ಯವೇ ಅಂತ ಲೆಕ್ಕ ಹಾಕಿ. ಸೈಜ್ ದೊಡ್ಡದಾದರೂ ಲೋಹದ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತೆ. ತುದಿಯಲ್ಲಿ ಸರಿಯಾದ ಲಗ್ ಹಾಕಬೇಕು, ಅಷ್ಟು ಎಚ್ಚರ ಇರಲಿ. ಒಂದೇ ಥರದ ಆಫೀಸ್ ಮಹಡಿಗಳಿದ್ದರೆ ಲೈಟುಗಳಿಗೆ ಪ್ಲಗ್ ಸಮೇತ ವರ್ಕ್‌ಶಾಪಿನಲ್ಲೇ ಕತ್ತರಿಸಿ ತಯಾರಾದ ಕೇಬಲ್ ತರಿಸಿ. ಏಣಿ ಮೇಲೆ ಮಾಡೋ ಕೆಲಸ ಮೇಜಿನ ಮೇಲೆ ಆಗುತ್ತೆ.

"ಇದಕ್ಕೆಲ್ಲ ದುಡ್ಡು ಜಾಸ್ತಿ" ಅನ್ನೋರು ಇದ್ದಾರೆ. ಸಾಮಾನಿನ ಬಿಲ್ ಜಾಸ್ತಿ ಆಗೋದು ನಿಜ. ಆದರೆ ಮರು ಕೆಲಸದ ಕೂಲಿ, ತಡ ಆದ ದಿನಗಳು, ನೋವಿಗೆ ರಜೆ ಹಾಕಿದವರ ದಿನಗಳು ಡಿಸೈನರ್‌ನ ಲೆಕ್ಕದಲ್ಲಿ ಬರೋದೇ ಇಲ್ಲ. ಬೇರೆಯವರ ಜೇಬಿನಿಂದ, ಬೇರೆಯವರ ಬೆನ್ನಿನಿಂದ ಹೋಗೋದನ್ನು ಉಳಿತಾಯ ಅನ್ನೋದು ಸರಿಯಲ್ಲ. ಇನ್ನು ಎಲೆಕ್ಟ್ರಿಷಿಯನ್‌ಗಳ ಕೆಲಸ ಹೋಗುತ್ತೆ ಅನ್ನೋ ಭಯ. ಪ್ಲಗ್ ಬಂದರೂ ಬೋರ್ಡಿನ ಕನೆಕ್ಷನ್, ಟೆಸ್ಟಿಂಗ್, ಸರ್ಟಿಫಿಕೇಟ್ ಅವರೇ ಮಾಡಬೇಕು. ಹೋಗೋದು ಮೈ ಮುರಿಯೋ ಭಾಗ.

ನಾನಿದ್ದ ಸೈಟಿನಲ್ಲಿ ಐವತ್ತು ದಾಟಿದ ಎಲೆಕ್ಟ್ರಿಷಿಯನ್ ಒಬ್ಬರಿಗೆ ಬಲಗೈ ತಲೆಗಿಂತ ಮೇಲೆ ಎತ್ತೋಕೆ ಆಗ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಯಾವ ದಾರಿ ಸುಲಭ ಅಂತ ಅವರಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಅವರನ್ನು ಮೊದಲೇ ಕೇಳಿದವರೂ ಯಾರೂ ಇರಲಿಲ್ಲವಂತೆ.

ಅದಕ್ಕೇ ಗೆಳೆಯರೇ, ನಿಮ್ಮ ಮೊದಲ ಡ್ರಾಯಿಂಗ್ ಹೊರಗೆ ಕಳಿಸೋ ಮುಂಚೆ ಅನುಭವ ಇರೋ ಎಲೆಕ್ಟ್ರಿಷಿಯನ್ ಒಬ್ಬರ ಮುಂದಿಟ್ಟು ಅರ್ಧ ಗಂಟೆ ಕೇಳಿ. ನಮ್ಮ ಸಂಘವೂ ಹಬ್ಬಗಳ ಜೊತೆಗೆ ವರ್ಷಕ್ಕೊಂದು ಸೈಟ್ ಭೇಟಿ ಇಟ್ಟುಕೊಂಡರೆ ಚೆನ್ನ. ಹೊಸ ಕಮಿಟಿ ಒಪ್ಪಿದರೆ ಓಡಾಟ ನಾನು ಮಾಡ್ತೀನಿ.